ಅಪ್ಪ-ಅಮ್ಮನ ಹೆಸರಿಗೂ ಮೊದಲು ಊರು ಹುಡುಕಿ

ಅಕ್ಕನ ಮಗಳ ಮದುವೆ. ಹುಡುಗ ಬೋಸ್ಟನ್ನಿನವನು, ಐರಿಷ್ ಮೂಲದ ಮನೆತನ. ಕನ್ಯಾದಾನದ ಹೊತ್ತಿಗೆ ಪುರೋಹಿತರು ವರನ ಕಡೆಯ ಮೂರು ತಲೆಯ ಹೆಸರು ಕೇಳಿದರು. ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರೂ ಸಿಕ್ಕಿತು, ಸಂಕಲ್ಪ ಮುಗಿಯಿತು. ಊಟಕ್ಕೆ ಕೂತಾಗ ಬೀಗಿತ್ತಿ ನನ್ನತ್ತ ತಿರುಗಿ, ‘ಐರ್ಲೆಂಡ್ ಬಿಟ್ಟು ಬಂದವರು ಆ ಮುತ್ತಜ್ಜನೇ. ಅವರ ಅಪ್ಪ-ಅಮ್ಮ ಯಾರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ’ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮುಂದೆ ಒಂದೂವರೆ ವರ್ಷ ನಾವಿಬ್ಬರೂ ಸೇರಿ ಹುಡುಕಿದೆವು. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಐರಿಷ್ ಮನೆತನಗಳೊಂದಿಗೆ ನೆಂಟಸ್ತನ ಬೆಳೆಸಿದ ಕನ್ನಡದ ಮನೆಗಳು ಹಲವು ಇವೆ.

ಮೊದಲು ಎರಡು ಸಂಗತಿ ತಿಳಿದಿರಬೇಕು. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲದಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಗುಳೆ ಆಮೇಲೂ ನಿಲ್ಲಲಿಲ್ಲ. ಎರಡನೆಯದು ಬೆಂಕಿ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ಸರ್ಕಾರಿ ದಾಖಲೆಗಳ ಭಂಡಾರ ಸ್ಫೋಟಗೊಂಡು ಉರಿಯಿತು. ಕರಕಲು ಕಾಗದದ ಚೂರುಗಳು ಊರ ತುಂಬ ಉದುರಿದವು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಹೆಚ್ಚುಕಡಿಮೆ ಪೂರ್ತಿ ಹೋದದ್ದು ಅಲ್ಲಿಯೇ. ಅದರ ನಂತರದ ನಾಲ್ಕನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. 1911ರವರೆಗಿನ ಗಣತಿಗಳಲ್ಲಿ ಇಡೀ ದೇಶಕ್ಕೆ ಪೂರ್ತಿಯಾಗಿ ಸಿಗುವವು 1901 ಮತ್ತು 1911ರವು ಮಾತ್ರ. ‘ಐರ್ಲೆಂಡಿನ ಕಾಗದವೆಲ್ಲ ಸುಟ್ಟುಹೋಗಿದೆ’ ಎಂದು ಕೈಚೆಲ್ಲುವವರು ಬಹಳ. ಎಲ್ಲವೂ ಸುಟ್ಟಿಲ್ಲ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದುದರಿಂದ ಉಳಿದುಕೊಂಡವು.

ಶುರು ಮಾಡುವುದು ಐರ್ಲೆಂಡಿನಲ್ಲಲ್ಲ

ನಾವು ಮಾಡಿದ ದೊಡ್ಡ ತಪ್ಪು ಇದೇ. ಮೊದಲ ದಿನವೇ ಐರಿಷ್ ಜಾಲತಾಣ ತೆರೆದು ಮುತ್ತಜ್ಜನ ಹೆಸರು ಹಾಕಿದೆವು. ಅದೇ ಹೆಸರು, ಅದೇ ವಯಸ್ಸಿನವರು ಹಲವು ಡಜನ್ ಜನ ಸಿಕ್ಕರು. ಕಾರ್ಕ್ ಜಿಲ್ಲೆಯಲ್ಲಿ ಸಲ್ಲಿವಾನ್ ಎಂಬ ಹೆಸರು ಹುಡುಕುವುದೆಂದರೆ ಮಂಡ್ಯದಲ್ಲಿ ‘ಗೌಡರ ಮನೆ ಯಾವುದು’ ಎಂದು ಕೇಳಿದ ಹಾಗೆ.

ಐರ್ಲೆಂಡಿನ ದಾಖಲೆ ಊರಿನ ಪ್ರಕಾರ ಕಟ್ಟಿಟ್ಟದ್ದು. ಅಲ್ಲಿ ಜಿಲ್ಲೆಯ ಕೆಳಗೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಅದರೊಳಗೆ ಟೌನ್‌ಲ್ಯಾಂಡ್. ಟೌನ್‌ಲ್ಯಾಂಡ್ ಎಂದರೆ ನಮ್ಮ ಮಜರೆಯ ಹಾಗೆ, ನಾಲ್ಕಾರು ಮನೆ, ಸುತ್ತ ಹೊಲ. ಇಂಥವು ದೇಶದಲ್ಲಿ 60,000ಕ್ಕೂ ಹೆಚ್ಚು. ಕನಿಷ್ಠ ಪ್ಯಾರಿಷ್ ಹೆಸರಾದರೂ ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ. ಆ ಹೆಸರು ಇರುವುದು ಅವರು ಬಂದು ನೆಲೆಸಿದ ದೇಶದ ಕಾಗದದಲ್ಲಿ.

ಆದ್ದರಿಂದ ಮೊದಲು ವಲಸೆ ಬಂದವರ ಮರಣ ದಾಖಲೆ, ಮದುವೆ ದಾಖಲೆ, ಗೋರಿಕಲ್ಲು, ಪತ್ರಿಕೆಯ ನಿಧನ ವಾರ್ತೆ, ಚರ್ಚಿನ ಪುಸ್ತಕ ಇಷ್ಟನ್ನೂ ಕಲೆಹಾಕಿ. ಮ್ಯಾಸಚೂಸೆಟ್ಸ್ ರಾಜ್ಯ 1841ರಿಂದಲೇ ಜನನ, ಮದುವೆ, ಮರಣ ದಾಖಲಿಸಿದೆ, ಅಲ್ಲಿನ ದಾಖಲೆಗಳಲ್ಲಿ ತಂದೆ-ತಾಯಿಯ ಹೆಸರಿಗೆ ಜಾಗವಿದೆ. ಸ್ಕಾಟ್ಲೆಂಡಿಗೆ ಹೋದವರಾದರೆ ಅದೃಷ್ಟ: 1855ರಿಂದ ಅಲ್ಲಿನ ಮದುವೆ, ಮರಣ ಎರಡೂ ದಾಖಲೆಗಳಲ್ಲಿ ತಾಯಿಯ ತವರು ಮನೆತನದ ಹೆಸರೂ ಬರುತ್ತದೆ. ಸರ್ಕಾರದ ನೆರವಿನಿಂದ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೆ ಹಡಗು ಹತ್ತಿದವರ ಪಟ್ಟಿಗಳಲ್ಲಿ ಅಪ್ಪ-ಅಮ್ಮ ಯಾರು, ಬದುಕಿದ್ದಾರೆಯೇ ಎಂದು ಬರೆದಿರುವುದುಂಟು. ಇಂಗ್ಲೆಂಡಿನ ಮದುವೆ ದಾಖಲೆ 2021ರವರೆಗೂ ಅಪ್ಪನ ಹೆಸರಷ್ಟನ್ನೇ ಕೊಡುತ್ತಿತ್ತು.

ಮರಣ ದಾಖಲೆಯಲ್ಲಿ ಮಾಹಿತಿ ಕೊಟ್ಟವರು ಯಾರು ಎಂದು ತಪ್ಪದೆ ನೋಡಿ. ನಮ್ಮ ಮುತ್ತಜ್ಜನ ದಾಖಲೆಯಲ್ಲಿ ತಂದೆ ಪ್ಯಾಟ್ರಿಕ್, ತಾಯಿ ಮೇರಿ, ಜನ್ಮಸ್ಥಳ ‘ಐರ್ಲೆಂಡ್’ ಎಂದಷ್ಟೇ ಇತ್ತು. ಹೇಳಿದವನು ಮಗ. ಅವನು ಆ ಅಜ್ಜ-ಅಜ್ಜಿಯನ್ನು ಕಂಡವನಲ್ಲ.

ಒಡಹುಟ್ಟಿದವರ ಬೆನ್ನು ಹಿಡಿಯಿರಿ

ನಿಮ್ಮ ಮನೆಯವರ ಕಾಗದ ಮೌನವಾಗಿದ್ದರೆ ಅಣ್ಣ, ತಮ್ಮ, ಅಕ್ಕ, ತಂಗಿಯರ ಕಾಗದ ಮಾತಾಡುತ್ತದೆ. ನಮಗೆ ದಾರಿ ಬಿಟ್ಟುಕೊಟ್ಟದ್ದು ಮುತ್ತಜ್ಜನ ಅಕ್ಕನ ಗೋರಿಕಲ್ಲು. ಮದುವೆಯಾಗಿ ಬೇರೆ ಹೆಸರು ಹೊತ್ತಿದ್ದಾಕೆ, ಆದ್ದರಿಂದ ಯಾರೂ ಅತ್ತ ನೋಡಿರಲಿಲ್ಲ. ಕಲ್ಲಿನ ಬುಡದಲ್ಲಿ ಹುಲ್ಲು ಸರಿಸಿ, ನೀರು ಚಿಮುಕಿಸಿ, ಪಕ್ಕದಿಂದ ಟಾರ್ಚ್ ಹಿಡಿದಾಗ ಕೊನೆಯ ಸಾಲು ಎದ್ದು ಕಾಣಿಸಿತು: ಕಾರ್ಕ್ ಜಿಲ್ಲೆ, ಅದರ ಮುಂದೆ ಒಂದು ಪ್ಯಾರಿಷ್ ಹೆಸರು. ಬೀಗಿತ್ತಿ ಆ ಫೋಟೊ ಕಳಿಸಿದಾಗ ಇಲ್ಲಿ ರಾತ್ರಿ ಎರಡು ಗಂಟೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಒಡಹುಟ್ಟಿದವರನ್ನು ಹುಡುಕಲು ಮೂರು ಒಳ್ಳೆಯ ಜಾಗಗಳಿವೆ. ಬೋಸ್ಟನ್ನಿನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದವರನ್ನು ವಿಚಾರಿಸುವ ಜಾಹೀರಾತು ಹಾಕುತ್ತಿತ್ತು. ಇಂಥ ಊರಿನ ತಮ್ಮ ಇಂಥ ಹಡಗಿನಲ್ಲಿ ಬಂದ, ಕಂಡವರು ಅಕ್ಕನಿಗೆ ತಿಳಿಸಿ ಎಂಬಂಥ ಸಾಲುಗಳು. ಓದುವಾಗ ಕಣ್ಣು ತುಂಬುತ್ತದೆ. ಎರಡನೆಯದು 1850ರಲ್ಲಿ ಶುರುವಾದ ನ್ಯೂಯಾರ್ಕಿನ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್. ಗ್ರಾಹಕರ ಗುರುತಿಗೆಂದು ಅಪ್ಪ, ಅಮ್ಮ, ಒಡಹುಟ್ಟಿದವರು, ಹುಟ್ಟೂರು ಎಲ್ಲವನ್ನೂ ಕೇಳಿ ಗುಮಾಸ್ತರು ಬರೆದಿಟ್ಟುಕೊಳ್ಳುತ್ತಿದ್ದರು. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. 1909ರ ಜನವರಿ 1ರಿಂದ 70 ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು. ಐರ್ಲೆಂಡಿನ ಮುದುಕರ ಬಳಿ ಜನನ ಪತ್ರ ಎಲ್ಲಿಂದ ಬರಬೇಕು? 1841 ಅಥವಾ 1851ರ ಗಣತಿಯಲ್ಲಿ ತಮ್ಮ ಮನೆ ಹುಡುಕಿಕೊಡಿ ಎಂದು ಅರ್ಜಿ ಹಾಕಿದರು. ಅರ್ಜಿಯಲ್ಲಿ ಅಪ್ಪ-ಅಮ್ಮನ ಹೆಸರು, ಟೌನ್‌ಲ್ಯಾಂಡ್ ಹೆಸರು ಬರೆಯಬೇಕಿತ್ತು. ಗಣತಿ ಸುಟ್ಟರೂ ಅರ್ಜಿಗಳು ಉಳಿದಿವೆ. ನ್ಯಾಷನಲ್ ಆರ್ಕೈವ್ಸ್ ಆಫ್ ಐರ್ಲೆಂಡ್ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಬರಗಾಲದ ಕಾಲದಲ್ಲಿ ಹಡಗು ಹತ್ತಿದ ಅಣ್ಣನ ಅಪ್ಪ-ಅಮ್ಮ ಯಾರೆಂದು ಊರಲ್ಲೇ ಉಳಿದ ತಂಗಿಯ ಅರ್ಜಿ ಹೇಳೀತು.

ಈಗ ಚರ್ಚಿನ ಪುಸ್ತಕ

ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದು 1864ರ ಜನವರಿ 1ರಂದು. ನಿಮ್ಮವರು ಅದರ ನಂತರ ಹುಟ್ಟಿದ್ದರೆ ಐರಿಷ್‌ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ಮೂಲ ಪುಟದ ಚಿತ್ರವೇ ಪುಕ್ಕಟೆ ಸಿಗುತ್ತದೆ, ತಾಯಿಯ ತವರಿನ ಹೆಸರೂ ಇರುತ್ತದೆ. ಆದರೆ ಹುಟ್ಟಿದ ದಿನಾಂಕವನ್ನು ಪೂರ್ತಿ ನಂಬಬೇಡಿ. ತಡವಾಗಿ ನೋಂದಾಯಿಸಿದರೆ ದಂಡವಿತ್ತು, ಅದಕ್ಕೆ ಹೆದರಿ ದಿನಾಂಕ ಮುಂದೆ ತಳ್ಳಿದವರುಂಟು. ಜ್ಞಾನಸ್ನಾನ (ಮಗುವಿಗೆ ಚರ್ಚಿನಲ್ಲಿ ನೀರು ಹಾಕಿ ಮಾಡುವ ದೀಕ್ಷೆ) ಮೊದಲು, ಹುಟ್ಟಿದ್ದು ಆಮೇಲೆ ಎಂಬಂತೆ ಕಂಡರೆ ಗಾಬರಿಯಾಗಬೇಡಿ.

ಅದಕ್ಕೂ ಹಿಂದಿನವರಿಗೆ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕವೇ ಗತಿ. ಸುಮಾರು 1880ರವರೆಗಿನ ಪುಸ್ತಕಗಳ ಚಿತ್ರಗಳನ್ನು ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ 2015ರಿಂದ ಪುಕ್ಕಟೆ ತೆರೆದಿಟ್ಟಿದೆ. ಶಾಯಿ ಮಾಸಿರುತ್ತದೆ, ಅಂಚು ಕಪ್ಪಾಗಿರುತ್ತದೆ, ಭಾಷೆ ಹಲವೆಡೆ ಲ್ಯಾಟಿನ್. ಜೇಮ್ಸ್ ಅಲ್ಲಿ ಯಾಕೋಬಸ್, ವಿಲಿಯಂ ಗುಲಿಯೆಲ್ಮಸ್, ಬ್ರಿಜೆಟ್ ಬ್ರಿಗಿಡಾ. ಅಮೆರಿಕದಲ್ಲಿ ಡೀಲಿಯಾ ಎಂದು ಕರೆಸಿಕೊಂಡವಳು ಊರಿನಲ್ಲಿ ಬ್ರಿಜೆಟ್ ಆಗಿರಬಹುದು, ನೋರಾ ಎಂಬವಳು ಹೊನೋರಾ. ಹೆಸರಿನ ಮುಂದಿನ ‘ಓ’ ಒಂದು ಪುಟದಲ್ಲಿರುತ್ತದೆ, ಇನ್ನೊಂದರಲ್ಲಿರುವುದಿಲ್ಲ. ವಯಸ್ಸಂತೂ ಅಂದಾಜು, ಐದಾರು ವರ್ಷ ಆಚೀಚೆ ಹುಡುಕಿ.

ಒಂದು ಸಾಲು ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಅದೇ ದಂಪತಿಯ ಎಲ್ಲ ಮಕ್ಕಳನ್ನೂ ಹೆಕ್ಕಿ. ಪಕ್ಕದಲ್ಲಿರುವ ಜ್ಞಾನತಂದೆ, ಜ್ಞಾನತಾಯಿಯರ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರು) ಹೆಸರನ್ನೂ ಬರೆದುಕೊಳ್ಳಿ, ಅವರು ಬಹುಪಾಲು ಚಿಕ್ಕಪ್ಪ, ಸೋದರಮಾವ, ಚಿಕ್ಕಮ್ಮಂದಿರೇ. ಹೆಸರಿಡುವ ಪದ್ಧತಿಯೂ ಕೈಹಿಡಿಯುತ್ತದೆ: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೊದಲ ಮಗಳಿಗೆ ಅಮ್ಮನ ಅಮ್ಮನದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಪಾಲಿಸುತ್ತಿರಲಿಲ್ಲ, ಹಾಗಾಗಿ ಇದು ಸುಳಿವು ಮಾತ್ರ.

1847ರಿಂದ 1864ರವರೆಗೆ ತಯಾರಾದ ಗ್ರಿಫಿತ್ಸ್ ವ್ಯಾಲ್ಯುಯೇಶನ್ ನಮ್ಮ ಪಹಣಿ ಇದ್ದಂತೆ. ಯಾವ ಟೌನ್‌ಲ್ಯಾಂಡಿನಲ್ಲಿ ಯಾರ ವಶದಲ್ಲಿ ಎಷ್ಟು ನೆಲ ಎಂದು ತಿಳಿಯುತ್ತದೆ. ಮನೆಯ ಯಜಮಾನನ ಹೆಸರಷ್ಟೇ ಇರುವುದರಿಂದ ಸಂಬಂಧಕ್ಕೆ ಸಾಕ್ಷಿಯಾಗದು.

ಸಿಕ್ಕವರು ನಮ್ಮವರೇ?

1892ರ ಜನವರಿ 1ರಂದು ನ್ಯೂಯಾರ್ಕಿನಲ್ಲಿ ವಲಸಿಗರನ್ನು ತಪಾಸಣೆ ಮಾಡುವ ಎಲಿಸ್ ಐಲೆಂಡ್ ಕೇಂದ್ರ ತೆರೆದಾಗ ಮೊದಲು ಕಾಲಿಟ್ಟವಳು ಕಾರ್ಕಿನ ಹುಡುಗಿ ಆ್ಯನಿ ಮೂರ್. ಅವಳು ಟೆಕ್ಸಸ್‌ಗೆ ಹೋದಳೆಂದು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಟೆಕ್ಸಸ್‌ನಲ್ಲಿದ್ದವಳು ಹುಟ್ಟಿದ್ದೇ ಇಲಿನಾಯ್‌ನಲ್ಲಿ, ಹೆಸರು ಮಾತ್ರ ಅದೇ ಎಂದು 2006ರಲ್ಲಿ ಗೊತ್ತಾಯಿತು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಹೆಸರು ಅಪರೂಪದ್ದಾದರೆ ಕೆಲಸ ಹಗುರ. ಬರಾಕ್ ಒಬಾಮಾ ಅವರ ಪೂರ್ವಜ 1850ರಲ್ಲಿ ನ್ಯೂಯಾರ್ಕಿಗೆ ಬಂದ ಫಾಲ್ಮತ್ ಕೀರ್ನಿ. ಅಂಥ ಹೆಸರಿನವರು ಎಷ್ಟು ಜನ ಇದ್ದಾರು? ಐರ್ಲೆಂಡಿನ ಮನಿಗಾಲ್ ಊರಿನ ಚಮ್ಮಾರ ಜೋಸೆಫ್ ಕೀರ್ನಿ ಅವನ ತಂದೆ.

ಮಾಮೂಲಿ ಹೆಸರಾದರೆ ಎರಡು ಪರೀಕ್ಷೆ ಮಾಡಿ. ಅದೇ ದಂಪತಿ ನಂತರ ಇನ್ನೊಂದು ಮಗುವಿಗೆ ಅದೇ ಹೆಸರಿಟ್ಟಿದ್ದರೆ ಮೊದಲನೆಯದು ತೀರಿಕೊಂಡಿತೆಂದೇ ಲೆಕ್ಕ. ನಿಮಗೆ ಸಿಕ್ಕ ವ್ಯಕ್ತಿ 1901ರ ಗಣತಿಯಲ್ಲಿ ಅದೇ ಊರಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅವರು ನಿಮ್ಮವರಲ್ಲ. ಡಿಎನ್‌ಎ ಪರೀಕ್ಷೆ ಇದಕ್ಕೆಲ್ಲ ಒತ್ತಾಸೆ ಅಷ್ಟೆ, ಕಾಗದದ ಬದಲಿಗೆ ನಿಲ್ಲುವುದಿಲ್ಲ.

ಬೆಂಗಳೂರು ದಂಡಿನ ಐರಿಷ್ ಸೈನಿಕರ ವಂಶದವರಿಗೆ ದಾರಿ ಸ್ವಲ್ಪ ಬೇರೆ. ಜ್ಞಾನಸ್ನಾನ, ಮದುವೆಯ ದಾಖಲೆಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಮದರಾಸು ಪ್ರಾಂತ್ಯದ ಚರ್ಚ್ ಪಟ್ಟಿಗಳನ್ನು ನೋಡಬೇಕು. ಪಿಂಚಣಿ ಪಡೆದು ಬಿಡುಗಡೆಯಾದ ಸೈನಿಕನಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಕಾಗದಗಳಲ್ಲಿ ಹುಟ್ಟಿದ ಪ್ಯಾರಿಷ್ ಸಿಗಬಹುದು.

ನಮ್ಮ ಮುತ್ತಜ್ಜ ಸಿಕ್ಕಿದ್ದು ಆ ಗೋರಿಕಲ್ಲಿನ ಪ್ಯಾರಿಷ್ ಪುಸ್ತಕದಲ್ಲೇ. ಏಳು ಮಕ್ಕಳಲ್ಲಿ ಅವರು ಐದನೆಯವರು, ಅಕ್ಕ ಎರಡನೆಯವಳು. ಅಪ್ಪ ಪ್ಯಾಟ್ರಿಕ್ ನಿಜ, ಅಮ್ಮ ಮೇರಿಯಲ್ಲ, ಹೊನೋರಾ. ಮೇರಿ ಆ ಅಕ್ಕನ ಹೆಸರು. ಅಮೆರಿಕದಲ್ಲಿ ತಮ್ಮನನ್ನು ಸಾಕಿದವಳು ಅವಳೇ, ಅವಳನ್ನೇ ಮಗ ತನ್ನ ಅಜ್ಜಿ ಎಂದುಕೊಂಡಿದ್ದಿರಬೇಕು. ಪ್ಯಾಟ್ರಿಕ್‌ನ ಅಪ್ಪ ಯಾರು ಎಂದು ಬೀಗಿತ್ತಿ ಈಗ ಕೇಳುತ್ತಿದ್ದಾರೆ. ಆ ಪ್ಯಾರಿಷ್‌ನ ಪುಸ್ತಕ ಶುರುವಾಗುವ ಮೊದಲೇ ಅವನು ಹುಟ್ಟಿದ್ದಾನೆ. ಅವನ ಮದುವೆಗೆ ಸಾಕ್ಷಿ ಹಾಕಿದ ಇಬ್ಬರ ಹೆಸರು ಮಾತ್ರ ಕೈಯಲ್ಲಿದೆ, ಈ ವಾರ ಅವರಿಂದ ಶುರು ಮಾಡಿದ್ದೇವೆ.