ಟೂರಿಗೆ ಬಂದ ಹುಡುಗ ಆಡಲೇಬೇಕು

ದಾವಣಗೆರೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಕ್ರಿಕೆಟ್ ಕಲಿಸುತ್ತೇನೆ. ನಮ್ಮದು ಮ್ಯಾಟ್ ಹಾಸಿ ಆಡುವ ಮ್ಯಾಟಿಂಗ್ ಪಿಚ್, ಸಣ್ಣ ಮೈದಾನ. ಆದರೆ ಒಂದು ನಿಯಮ ಮಾತ್ರ ಗಟ್ಟಿ. ಪರಊರಿನ ಟೂರ್ನಿಗೆ 15 ಹುಡುಗರು ಹೊರಟರೆ 15 ಜನರೂ ಆಡಬೇಕು. ಇದನ್ನು ಕಲಿತದ್ದು ರಾಹುಲ್ ದ್ರಾವಿಡ್ ಕೋಚ್ ಆಗಿ ಕೆಲಸ ಮಾಡಿದ ರೀತಿ ನೋಡಿ.

164 ಟೆಸ್ಟ್ ಆಡಿ 13,288 ರನ್ ಹೊಡೆದವರು 2012ರಲ್ಲಿ ನಿವೃತ್ತರಾದರು. 2015ರಲ್ಲಿ ಅವರು ಕೋಚ್ ಆಗಿ ವಹಿಸಿಕೊಂಡದ್ದು ಭಾರತ ಎ (ಹಿರಿಯರ ತಂಡದ ನಂತರದ ಎರಡನೇ ತಂಡ) ಮತ್ತು 19 ವರ್ಷದೊಳಗಿನವರ ತಂಡಗಳನ್ನು. ಎ ತಂಡದ ಟೂರಿಗೆ ಬಂದವರು ಯಾರೂ ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋಗುವುದಿಲ್ಲ ಅಂತ ಹುಡುಗರಿಗೆ ಮೊದಲೇ ಹೇಳಿಬಿಡುತ್ತಿದ್ದರು. ಅದಕ್ಕೆ ಅವರು ಕೊಟ್ಟ ಕಾರಣ ನನ್ನ ಮನಸ್ಸಿಗೆ ನಾಟಿತು. ಸೀಸನ್ ಪೂರ್ತಿ ರನ್ ಹೊಡೆದು ಆಯ್ಕೆಯಾಗುತ್ತೀರಿ. ಅಲ್ಲಿ ಹೋಗಿ ಬೆಂಚ್ ಮೇಲೆ ಕೂರುತ್ತೀರಿ. ವಾಪಸ್ ಬಂದ ಮೇಲೆ ಅದೇ ರನ್‌ಗಳನ್ನು ಮತ್ತೆ ಮೊದಲಿಂದ ಹೊಡೆಯಬೇಕು. ಚಿಕ್ಕವರಿದ್ದಾಗ ಈ ಸಂಕಟವನ್ನು ಅವರೂ ಅನುಭವಿಸಿದ್ದರು.

ನಾನು ಮಾಡುವುದು ಹೀಗೆ. ಬಸ್ ಹತ್ತುವ ಮುಂಚೆಯೇ ಲೀಗ್ ಪಂದ್ಯಗಳಿಗೆ ಯಾರು ಯಾವಾಗ ಆಡುತ್ತಾರೆ ಅಂತ ಹಾಳೆಯಲ್ಲಿ ಬರೆದು ಎಲ್ಲರಿಗೂ ಓದಿ ಹೇಳುತ್ತೇನೆ. ಸುಮ್ನೆ ಹನ್ನೊಂದರಲ್ಲಿ ಹೆಸರಿದ್ದರೆ ಸಾಲದು. ಹತ್ತನೇ ನಂಬರಿನಲ್ಲಿ ಇಳಿದು, ಒಂದೂ ಓವರ್ ಬೌಲ್ ಮಾಡದೆ ಬೌಂಡರಿ ಹತ್ತಿರ ನಿಂತ ಹುಡುಗ ಆಡಿದ ಹಾಗೆ ಆಗುವುದಿಲ್ಲ. ಬ್ಯಾಟರ್ ಆದರೆ ಮೊದಲ ಐವರಲ್ಲಿ ಒಮ್ಮೆಯಾದರೂ ಇಳಿಯಬೇಕು. ಬೌಲರ್ ಆದರೆ ಹೊಡೆತ ಬಿದ್ದರೂ ತನ್ನ ಸ್ಪೆಲ್ ಮುಗಿಸಬೇಕು.

ಅಪ್ಪ ಅಮ್ಮಂದಿರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. 'ಸರ್, ನಮ್ಮ ಹುಡುಗ ಚೆನ್ನಾಗಿ ಆಡ್ತಾ ಇದ್ದಾನೆ, ಅವನನ್ಯಾಕೆ ಕೂರಿಸಿದ್ರಿ?' ಅಂತ ಕೇಳುತ್ತಾರೆ. ಈ ವಯಸ್ಸಿನಲ್ಲಿ ಮೈ ಬೇಗ ಬೆಳೆದ ಹುಡುಗನೇ ಜಾಸ್ತಿ ರನ್ ಹೊಡೆಯುತ್ತಾನೆ, ಎರಡು ವರ್ಷದಲ್ಲಿ ಲೆಕ್ಕ ಬದಲಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳುತ್ತೇನೆ. ನಿಯಮದಿಂದಾಗಿ ಕೆಲವು ಪಂದ್ಯ ಸೋತಿದ್ದೇವೆ. ಆದರೆ ಕ್ಯಾಂಪ್ ಬಿಟ್ಟು ಹೋಗುವ ಹುಡುಗರು ತುಂಬಾ ಕಡಿಮೆಯಾದರು. ನನಗೆ ಅದೇ ದೊಡ್ಡದು.

ಕಪ್ ಬೇಡವೇ ಅಂದರೆ ಬೇಕು. 2016ರಲ್ಲಿ ದ್ರಾವಿಡ್ ಹುಡುಗರು ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್‌ಗೆ ಸೋತರು. ಒಬ್ಬ ಆಟಗಾರ ಒಂದೇ ಕಿರಿಯರ ವಿಶ್ವಕಪ್ ಆಡಬೇಕು ಅನ್ನುವ ನಿಯಮ ಆಮೇಲೆ ಬಂತು. ಅಂದರೆ ಅನುಭವ ಇದ್ದವರನ್ನೇ ಮತ್ತೆ ಕಟ್ಟಿಕೊಂಡು ಹೋಗುವ ಹಾಗಿಲ್ಲ. ಆದರೂ 2018ರಲ್ಲಿ ಪೃಥ್ವಿ ಶಾ, ಶುಭಮನ್ ಗಿಲ್ ಇದ್ದ ತಂಡ ನ್ಯೂಜಿಲೆಂಡ್‌ನಲ್ಲಿ ಆಸ್ಟ್ರೇಲಿಯಾವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ಗೆದ್ದಿತು. ಆ ಗೆಲುವಿನ ಬಹುಮಾನದಲ್ಲಿ ತಮಗೆ ಜಾಸ್ತಿ, ಸಹಾಯಕ ಸಿಬ್ಬಂದಿಗೆ ಕಡಿಮೆ ಅಂದಾಗ ದ್ರಾವಿಡ್ ಒಪ್ಪಲಿಲ್ಲ, ಎಲ್ಲರಿಗೂ ಸಮ ಮಾಡಿಸಿದರು. ನಮ್ಮಲ್ಲೂ ಟೂರ್ನಿಯ ಬಹುಮಾನದ ಹಣದಲ್ಲಿ ಮ್ಯಾಟ್ ಹಾಸಿ, ಬಿಸಿಲಲ್ಲಿ ನಿಂತು ಥ್ರೋಡೌನ್ ಹಾಕುವ, ಅಂದರೆ ಅಭ್ಯಾಸಕ್ಕೆ ಹತ್ತಿರದಿಂದ ಬಾಲ್ ಎಸೆಯುವ ಅಣ್ಣನಿಗೂ ನನಗೂ ಒಂದೇ ಪಾಲು.

ನೆಟ್ಸ್‌ನಲ್ಲಿ ತಂದ ಬದಲಾವಣೆಯೂ ಅವರ ಬ್ಯಾಟಿಂಗ್‌ನಿಂದಲೇ. ಟೆಸ್ಟ್‌ನಲ್ಲಿ ದ್ರಾವಿಡ್ ಎದುರಿಸಿದ ಎಸೆತ 31,258. ಬೇರೆ ಯಾರೂ ಅಷ್ಟು ಎದುರಿಸಿಲ್ಲ. ನಮ್ಮ ಮಕ್ಕಳು ಪ್ರತಿ ಬಾಲ್‌ಗೂ ಬ್ಯಾಟ್ ಬೀಸುತ್ತಾರೆ. ಹಾಗಾಗಿ ಆಫ್ ಸ್ಟಂಪ್ ಆಚೆ ಒಂದು ಕೋನ್ ಇಡುತ್ತೇನೆ. ಅದರಾಚೆಯ ಬಾಲ್ ಬಿಟ್ಟರೆ ಎರಡು ರನ್, ಮುಟ್ಟಿದರೆ ಔಟ್. ಬಿಡುವುದೂ ಒಂದು ಹೊಡೆತ ಅಂತ ಹುಡುಗರಿಗೆ ಬೇಗ ಗೊತ್ತಾಗುತ್ತದೆ. ತಲೆ ಬಾಲ್ ಮೇಲೆ ಇರಬೇಕು, ಕೈ ಮೇಲೆತ್ತಿರಬೇಕು, ಅಷ್ಟೇ.

ಆಮೇಲೆ ದ್ರಾವಿಡ್ ಹಿರಿಯರ ತಂಡಕ್ಕೂ ಕೋಚ್ ಆದರು. 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಸೋತ ಮೇಲೆ ಹುಡುಗರು ಮುಖ ಬಾಡಿಸಿಕೊಂಡು ಬಂದರು. ಅವತ್ತೂ ಕೋನ್ ಇಟ್ಟೆವು, ಸ್ಲಿಪ್ ಕ್ಯಾಚ್ ಹಿಡಿಸಿದೆವು. 2024ರ ಜೂನ್ 29ರಂದು ಕೆರಿಬಿಯನ್‌ನ ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಏಳು ರನ್‌ಗಳಿಂದ ಗೆದ್ದು ದ್ರಾವಿಡ್ ಕಪ್ ಎತ್ತಿ ಕೂಗಿದಾಗ ನನಗೆ ಕಣ್ಣು ತುಂಬಿತ್ತು. ಆಟಗಾರನಾಗಿ ವಿಶ್ವಕಪ್ ಸಿಗದವರು, 2007ರಲ್ಲಿ ಕ್ಯಾಪ್ಟನ್ ಆಗಿ ಅದೇ ಕೆರಿಬಿಯನ್ ನಾಡಿನಿಂದ ಬೇಗ ವಾಪಸ್ ಬಂದವರು, ಅಲ್ವಾ?

ಇನ್ನೂ ಕಷ್ಟ ಇರುವುದು ವಿಕೆಟ್ ಕೀಪರ್ ವಿಷಯದಲ್ಲಿ. ಇರುವುದು ಒಂದೇ ಜಾಗ, ನಮ್ಮಲ್ಲಿ ಒಳ್ಳೆಯ ಕೀಪರ್‌ಗಳು ಇಬ್ಬರು. ಒಬ್ಬನು ಕೀಪಿಂಗ್ ಮಾಡುವ ದಿನ ಇನ್ನೊಬ್ಬ ಬರೀ ಬ್ಯಾಟರ್ ಆಗಿ ಆಡುತ್ತಾನೆ. ಮರುದಿನ ಅದಲು ಬದಲು. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟರ್ ಸಿಗಲಿ ಅಂತ ದ್ರಾವಿಡ್ ಅವರೇ ಗ್ಲೌಸ್ ಹಾಕಿಕೊಂಡಿದ್ದರು ಅಂತ ಹೇಳಿದ ಮೇಲೆ, ಓಪನರ್ ಒಬ್ಬನೂ ತಾನೂ ಕೀಪಿಂಗ್ ಕಲಿಯುತ್ತೇನೆ ಅಂತ ಬಂದಿದ್ದಾನೆ. ಅವನಿಗೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರಲು ಹೇಳಿದ್ದೇನೆ.