ಅಗ್ಗದ ರಿಸೀವರಿನಲ್ಲಿ ಅಪೆನ್ನೈನ್ ಬೆಟ್ಟ ಹಿಗ್ಗುವುದನ್ನು ಅಳೆದೆ

ಐದು ವರ್ಷ ಕೇಳಿದ ಮಾತು ಒಂದೇ. "ಡ್ರೋನಿಗೆ ಹಾಕೋ ಜಿಪಿಎಸ್ ರಿಸೀವರಿನಲ್ಲಿ ಮಿಲಿಮೀಟರ್ ಅಳೆಯೋಕೆ ಆಗಲ್ಲ." ಈ ಸೆಪ್ಟೆಂಬರಿನ ಡೇಟಾ ಸೇರಿಸಿ ಗೆರೆ ಎಳೆದ ಮೇಲೆ ಆ ಮಾತು ಯಾರೂ ಆಡುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಇಟಲಿಯ ಅಬ್ರುಝೋ ಪ್ರಾಂತ್ಯ, ಅಪೆನ್ನೈನ್ ಬೆಟ್ಟಸಾಲಿನ ನಡುಭಾಗ. ನಮ್ಮ ಹಿಮಾಲಯ ಒತ್ತಡಕ್ಕೆ ಕುಗ್ಗುತ್ತದೆ, ಅಪೆನ್ನೈನ್ ಉಲ್ಟಾ. ರೋಮ್ ಕಡೆಯ ನೆಲಕ್ಕೂ ಏಡ್ರಿಯಾಟಿಕ್ ಕಡೆಯ ನೆಲಕ್ಕೂ ನಡುವಿನ ದೂರ ವರ್ಷಕ್ಕೆ ಸುಮಾರು 3 ಮಿ.ಮೀ. ಹೆಚ್ಚುತ್ತಿದೆ. ಅದರಲ್ಲಿ ಬಹುಪಾಲು ಬೆಟ್ಟದ ನಡುವಿನ ಹತ್ತಾರು ಕಿ.ಮೀ. ಅಗಲದ ಪಟ್ಟಿಯಲ್ಲೇ. 1915ರಲ್ಲಿ ಭೂಕಂಪಕ್ಕೆ ಅವೆಝಾನೋ ಊರು ನೆಲಸಮವಾಗಿ ಸುಮಾರು 30,000 ಜನ ಸತ್ತರು. 2009ರಲ್ಲಿ ಲಾಕ್ವಿಲಾ. 2016ರಲ್ಲಿ ಅಮಾತ್ರಿಚೆ, ನೋರ್ಚಾ. ಎಲ್ಲವೂ ಇದೇ ಹಿಗ್ಗಾಟದ ಫಲ. ಒಟ್ಟು ಹಿಗ್ಗು ಎಷ್ಟು ಅಂತ ಖಾಯಂ ಜಿಪಿಎಸ್ ಸ್ಟೇಷನ್ನುಗಳಿಂದ ಗೊತ್ತಿದೆ. ಅದು ಯಾವ ಬಿರುಕಿನ ಮೇಲೆ ಎಷ್ಟು ಕೂತಿದೆ ಅಂತ ತಿಳಿಯಬೇಕಾದರೆ ಅಳೆಯುವ ಬಿಂದುಗಳು ಹತ್ತಿರ ಹತ್ತಿರ ಬೇಕು. ಅದಕ್ಕೆ ದುಡ್ಡು ಬೇಕು. ನನ್ನ ಹತ್ತಿರ ಇರಲಿಲ್ಲ.

ಲೆಕ್ಕ ಹೀಗಿತ್ತು. ನೆಲಕ್ಕೆ ಬಡಿದು ಬರುವ ಸಿಗ್ನಲ್ ತಡೆಯುವ ಚೋಕ್ ರಿಂಗ್ ಆಂಟೆನಾ ಸಮೇತ ಒಂದು ಒಳ್ಳೇ ಸೆಟ್ಟಿಗೆ 15,000 ಯೂರೋ ಹತ್ತಿರ. ನಾನು ಎಫ್9ಪಿ ಅನ್ನುವ ಅಗ್ಗದ ರಿಸೀವರ್ ಬೋರ್ಡ್, ಡೇಟಾ ಬರೆದಿಡುವ ಲಾಗರ್, ಡಬ್ಬಿ, ಲಿಥಿಯಂ ಬ್ಯಾಟರಿ ಸೇರಿಸಿ ಒಂದಕ್ಕೆ 350ರಂತೆ ಎಂಟು ಕಟ್ಟಿದೆ. ಸರ್ವೇ ಆಂಟೆನಾ ತಲಾ 130ರಂತೆ ಹದಿನಾಲ್ಕು. ಬೋಲ್ಟು, ಅಂಟು, ಡ್ರಿಲ್ಲು ಎಲ್ಲ ಸೇರಿ ಐದು ಸಾವಿರ ಯೂರೋ ಆಸುಪಾಸು. ಅರ್ಧ ನನ್ನ ಕೈಯಿಂದಲೇ ಹೋಯಿತು. ಎರಡು ವರ್ಷ ಊರಿಗೆ ಬರುವ ಟಿಕೆಟ್ ದುಡ್ಡು ಇದರಲ್ಲೇ ಕರಗಿತು.

ಎಂಟು ರಿಸೀವರಿಗೆ ಹದಿನಾಲ್ಕು ಆಂಟೆನಾ ಯಾಕೆ? ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ಅಗ್ಗದ ಆಂಟೆನಾದ ಫೇಸ್ ಸೆಂಟರ್, ಅಂದರೆ ಸಿಗ್ನಲ್ ಬಂದು ಸೇರಿದಂತೆ ತೋರುವ ಬಿಂದು, ಒಂದೊಂದು ಪೀಸಿಗೂ ಬೇರೆ. ಕ್ಯಾಲಿಬ್ರೇಷನ್ ಮಾಡಿಸಿದರೆ ಅಗ್ಗ ಅನ್ನುವ ಮಾತೇ ಉಳಿಯಲ್ಲ. ಆದರೆ ನನಗೆ ಬೇಕಿದ್ದದ್ದು ವೇಗ ಮಾತ್ರ. ಬಿಂದು 6 ಮಿ.ಮೀ. ತಪ್ಪು ಜಾಗದಲ್ಲಿ ತೋರಿದರೂ ಪ್ರತಿ ವರ್ಷ ಅದೇ 6 ಮಿ.ಮೀ. ತಪ್ಪಿದರೆ ಸಾಕು. ಹಾಗಾಗಿ ಪ್ರತಿ ಬಂಡೆಗೂ ಅದರದ್ದೇ ಆಂಟೆನಾ. ಅದರ ಮೇಲೆ ಬಂಡೆಯ ನಂಬರ್ ಕೊರೆದಿದ್ದೇನೆ. ಟ್ರೈಪಾಡ್ ಇಲ್ಲ. ಬಂಡೆಯಲ್ಲಿ ಕೂರಿಸಿದ ಸ್ಟೀಲ್ ಬೋಲ್ಟಿಗೆ ನೇರ ತಿರುಪು. ಮುಖ ಉತ್ತರಕ್ಕೆ.

ಇದು ಮೊದಲ ದಿನವೇ ಹೊಳೆದದ್ದಲ್ಲ. 2019ರಲ್ಲಿ ಟ್ರೈಪಾಡ್ ಇಟ್ಟು ಹಳೇ ಸರ್ವೇ ಗುರುತುಗಳ ಮೇಲೆ ಅಳೆದೆ. ಸೆಂಟರಿಂಗ್, ಅಂದರೆ ಆಂಟೆನಾವನ್ನು ಗುರುತಿನ ನೇರ ಮೇಲೆ ಕೂರಿಸುವುದು, ಅದೊಂದರಲ್ಲೇ 2-3 ಮಿ.ಮೀ. ತಪ್ಪಿತು. ಅಂದರೆ ಒಂದು ವರ್ಷದ ಹಿಗ್ಗು ಪೂರ್ತಿ. ಆ ವರ್ಷದ ಡೇಟಾ ಎಲ್ಲ ಬಿಸಾಕಿದೆ. 2020ರ ಸೆಪ್ಟೆಂಬರಿನಲ್ಲಿ ಬೋಲ್ಟು ಹಾಕಿಸಿ ಮತ್ತೆ ಶುರು ಮಾಡಿದೆ. 2021ರಲ್ಲಿ ಒಂದು ಆಂಟೆನಾಗೆ ನೀರು ಹೋಯಿತು. ಅದೇ ಮಾಡೆಲಿನ ಹೊಸದು ಹಾಕಿದೆ. ಬಿಂದು ಒಮ್ಮೆಗೇ 4 ಮಿ.ಮೀ. ಉತ್ತರಕ್ಕೆ ಹಾರಿತು! ರೋಕ್ಕಾ ದಿ ಕಾಂಬಿಯೋ ಹತ್ತಿರ ಆಯ್ದ ಬಂಡೆ ಎರಡು ವರ್ಷಕ್ಕೆ 11 ಮಿ.ಮೀ. ಕಣಿವೆ ಕಡೆ ಜರುಗಿತ್ತು. ನೋಡೋಕೆ ಬೆಟ್ಟದ ಬೇರಿನಂತಿದ್ದ ಆ ಬಂಡೆ ಇಳಿಜಾರಿನ ಮಣ್ಣಿನ ಮೇಲೆ ಸುಮ್ನೆ ಕೂತಿತ್ತು, ಅಷ್ಟೇ. ಈಗ ಬೋಲ್ಟು ಹಾಕುವ ಮೊದಲು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತೇನೆ. ಬೇರೂರಿದ ಸುಣ್ಣಕಲ್ಲು ಗಣಗಣ ಅನ್ನುತ್ತದೆ, ಸಡಿಲ ಬಂಡೆ ಡಬ್ ಅನ್ನುತ್ತದೆ.

ಜಾಸ್ತಿ ಕಲಿಸಿದ್ದು 2022. ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ, ಹಾಗಾಗಿ ಆಗಲೇ ಅಳೆದೆ. ಗ್ರಾಫ್ ನೋಡಿ ಎದೆ ಝಲ್ ಅಂತು. ಗ್ರಾನ್ ಸಾಸ್ಸೋ ಬೆಟ್ಟದ ಎರಡು ಬದಿಯ ಬಿಂದುಗಳು ಒಮ್ಮೆಲೇ ದೂರ ಸರಿದಿದ್ದವು. ಹಿಗ್ಗು ಹೆಚ್ಚುಕಡಿಮೆ ದುಪ್ಪಟ್ಟು. ಒಂದು ತಿಂಗಳು ನಿದ್ದೆ ಇಲ್ಲ. ದೊಡ್ಡದೇನೋ ಸಿಕ್ಕಿತು ಅನ್ನುವ ಖುಷಿ ಒಂದು ಕಡೆ, ಲಾಕ್ವಿಲಾದಲ್ಲಿ ಗೆಳೆಯರಿದ್ದಾರೆ ಅನ್ನುವ ಭಯ ಇನ್ನೊಂದು ಕಡೆ. ಸೆಪ್ಟೆಂಬರಿನಲ್ಲಿ ಸಾಲ ಮಾಡಿ ಡೀಸೆಲ್ ಹಾಕಿಸಿ ಮತ್ತೆ ಹೋದೆ. ಬಿಂದುಗಳು ವಾಪಸ್ ಹಳೇ ಗೆರೆಗೇ ಬಂದಿದ್ದವು.

ಕಾರಣ ನೀರು. ಈ ಬೆಟ್ಟಗಳೆಲ್ಲ ಸುಣ್ಣಕಲ್ಲು, ಒಳಗೆಲ್ಲ ಬಿರುಕು. ವಸಂತದಲ್ಲಿ ಹಿಮ ಕರಗಿ ನೀರು ಆ ಬಿರುಕುಗಳಿಗೆ ತುಂಬುತ್ತದೆ. ಒತ್ತಡ ಏರಿ ಬೆಟ್ಟ ಎರಡೂ ಬದಿಗೆ ಕೆಲವು ಮಿಲಿಮೀಟರ್ ಅಗಲವಾಗುತ್ತದೆ. ಹಳೇ ಮಣ್ಣಿನ ಗೋಡೆಯ ಸೀಳಿಗೆ ಮಳೆನೀರು ಇಳಿದು ಗೋಡೆ ಉಬ್ಬುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಬೇಸಿಗೆ ಮುಗಿದು ನೀರು ಇಳಿದಾಗ ಮತ್ತೆ ಹತ್ತಿರ ಬರುತ್ತದೆ. ದಕ್ಷಿಣ ಅಪೆನ್ನೈನಿನ ಕಪೋಸೆಲೆ ಬುಗ್ಗೆಯ ಹರಿವಿಗೂ ಅಲ್ಲಿನ ಜಿಪಿಎಸ್ ಚಲನೆಗೂ ಸಂಬಂಧ ಇದೆ ಅಂತ ಮೊದಲೇ ಓದಿದ್ದೆ. ನನ್ನ ಗೆರೆಯಲ್ಲೇ ಅದು ಕಾಣುತ್ತೆ ಅಂತ ಎಣಿಸಿರಲಿಲ್ಲ. ಒಂದು ವರ್ಷ ಮೇನಲ್ಲಿ, ಇನ್ನೊಂದು ವರ್ಷ ಸೆಪ್ಟೆಂಬರಿನಲ್ಲಿ ಅಳೆದು ಗೆರೆ ಎಳೆಯುವವರು ಬುಗ್ಗೆಯನ್ನು ಅಳೆಯುತ್ತಿದ್ದಾರೆ, ಭೂಕಂಪವನ್ನಲ್ಲ. ಅಂದಿನಿಂದ ಸೆಪ್ಟೆಂಬರಿನ ಎರಡನೇ ಮತ್ತು ಮೂರನೇ ವಾರ ಬಿಟ್ಟು ಬೇರೆ ದಿನ ಇಲ್ಲ.

ಪ್ರೊಸೆಸಿಂಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ, ಪ್ರೈಡ್ ಪಿಪಿಪಿ-ಎಆರ್ ಅನ್ನುವ ಸಾಫ್ಟ್‌ವೇರ್ ಹಾಕಿ. ಬಿಂದುವಿಗೆ ಐದು ದಿನ, 24 ಗಂಟೆಯ ಫೈಲುಗಳು. ಹಳೇ ಜಿಪಿಎಸ್ ಉಪಗ್ರಹಗಳಲ್ಲಿ ಈ ಬೋರ್ಡು ಓದುವ ಎರಡನೇ ಸಿಗ್ನಲ್ ಎಲ್2ಸಿ ಇಲ್ಲ, ಹಾಗಾಗಿ ಯುರೋಪಿನ ಉಪಗ್ರಹ ಜಾಲ ಗೆಲಿಲಿಯೋ ಇಲ್ಲದೆ ಈ ಬೋರ್ಡಿನಿಂದ ಕೆಲಸ ಆಗುತ್ತಿರಲಿಲ್ಲ. ಆ ಗೆಲಿಲಿಯೋದ ಒಂದು ನಿಯಂತ್ರಣ ಕೇಂದ್ರ ಇರುವುದು ಅವೆಝಾನೋ ಪಕ್ಕದ ಫುಚಿನೋ ಬಯಲಿನಲ್ಲೇ. 1915ರ ಬಿರುಕು ಬಾಯಿ ಬಿಟ್ಟದ್ದೂ ಅದೇ ಬಯಲಿನ ಅಂಚಿನಲ್ಲಿ. 19ನೇ ಶತಮಾನದಲ್ಲಿ ಬತ್ತಿಸಿದ ಕೆರೆ ಅದು, ಈಗ ಆಲೂಗಡ್ಡೆ, ಕ್ಯಾರೆಟ್ ಬೆಳೆಯುತ್ತಾರೆ. ಆ ಮೆತ್ತನೆ ಮಣ್ಣಿನ ಮೇಲೆ ಬಿಂದು ಇಡಬೇಡಿ, ಅಂಚಿನ ಕಲ್ಲಿಗೆ ಹೋಗಿ. ದಿಗಂತದ ಹತ್ತಿರ ತಗ್ಗಿನಲ್ಲಿ ಕಾಣುವ ಉಪಗ್ರಹಗಳಿಗೆ ನಾನು ಕೊಡುವ ತೂಕದ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡಲ್ಲ. ಎರಡು ಚಳಿಗಾಲ ತಿಂದ ಲೆಕ್ಕ ಅದು.

ಚಳಿಗಾಲದಲ್ಲಿ ಸುಮ್ನೆ ಕೂತ ರಿಸೀವರ್ ಒಂದನ್ನು ಗ್ರಾನ್ ಸಾಸ್ಸೋದ ಎತ್ತರದ ಬಯಲು ಕಾಂಪೋ ಇಂಪೆರತೋರೆಯಲ್ಲಿ ಎತ್ತರದ ಕಂಬಕ್ಕೆ ಕಟ್ಟಿ ಹಿಮದ ಆಳ ಅಳೆದೆ. ನೆಲಕ್ಕೆ ಬಡಿದು ಬರುವ ಸಿಗ್ನಲ್ ನಮಗೆಲ್ಲ ಶತ್ರು, ಇಲ್ಲಿ ಅದೇ ಕೆಲಸಕ್ಕೆ ಬಂತು. ಕೋಲು ನೆಟ್ಟು ನೋಡಿದ್ದಕ್ಕೂ ಇದಕ್ಕೂ ಐದಾರು ಸೆಂ.ಮೀ. ವ್ಯತ್ಯಾಸ. ಕುರಿ ಕಾಯುವ ಬಿಳಿ ನಾಯಿಗಳು ಕೇಬಲ್ ಕಚ್ಚಿದ ದಿನ ಆ ಪ್ರಯೋಗ ಮುಗಿಯಿತು.

ಈಗ ಫಲಿತಾಂಶ. ಕಾರ್ಸೋಲಿಯಿಂದ ತೆರಾಮೋ ಕಡೆಗೆ ಸುಮಾರು 80 ಕಿ.ಮೀ. ಗೆರೆ. 2016ರ ಭೂಕಂಪಗಳ ನಂತರದ ಚಲನೆ ಇನ್ನೂ ಉಳಿದಿದೆ ಅನ್ನಿಸಿದ ಉತ್ತರದ ಎರಡು ಬಿಂದು ಬಿಟ್ಟೆ. ಜಾರಿದ ಬಂಡೆಯನ್ನೂ ಬಿಟ್ಟೆ. ಉಳಿದದ್ದು ಹನ್ನೊಂದು. ಯುರೋಪನ್ನು ಹೊತ್ತ ಇಡೀ ಭೂಫಲಕದ ಓಟ ಕಳೆದ ಮೇಲೆ ತುದಿಯಿಂದ ತುದಿಗೆ ವರ್ಷಕ್ಕೆ 2.7 ಮಿ.ಮೀ. ಹಿಗ್ಗು, ಅದರಲ್ಲಿ 0.4 ಆಚೀಚೆ ಇರಬಹುದು. ಇಟಲಿಯ ಭೂಭೌತ ಸಂಸ್ಥೆ ಐಎನ್‌ಜಿವಿಯ ರಿಂಗ್ ಅನ್ನುವ ಜಿಪಿಎಸ್ ಜಾಲದ ಖಾಯಂ ಸ್ಟೇಷನ್ ಒಂದರ ಪಕ್ಕದಲ್ಲೇ ಬೇಕಂತಲೇ ಒಂದು ಬೋಲ್ಟು ಹಾಕಿದ್ದೆ. ಅವರ ವೇಗಕ್ಕೂ ನನ್ನದಕ್ಕೂ ವರ್ಷಕ್ಕೆ 0.3 ಮಿ.ಮೀ. ವ್ಯತ್ಯಾಸ. ಆಗಲ್ಲ ಅಂದಿದ್ದ ಹಿರಿಯರೊಬ್ಬರಿಗೆ ಆ ಗ್ರಾಫ್ ಕಳಿಸಿದೆ. ಮರುದಿನ ಫೋನ್ ಮಾಡಿ ಬೋರ್ಡು ಎಲ್ಲಿ ತಗೊಂಡೆ ಅಂತ ಕೇಳಿದರು.

1915ರಿಂದೀಚಿನ ಸುಮಾರು 110 ವರ್ಷಕ್ಕೆ, ವರ್ಷಕ್ಕೆ 3 ಮಿ.ಮೀ.ಯಂತೆ ಲೆಕ್ಕ ಹಾಕಿದರೆ 33 ಸೆಂ.ಮೀ. ಹಿಗ್ಗು. ಎಲ್ಲವೂ ಫುಚಿನೋ ಬಿರುಕಿನ ಮೇಲೇ ಕೂತಿಲ್ಲ. ಎಷ್ಟು ಕೂತಿದೆ ಅಂತ ಹೇಳಲು ನನ್ನ ಹನ್ನೊಂದು ಬಿಂದು ಸಾಲದು. ಜೋಯಾ ದೇಯ್ ಮಾರ್ಸಿ ಊರಿನ ಹಿಂದೆ ಬಿರುಕಿನ ಆ ಕಡೆ ಒಂದು, ಈ ಕಡೆ ಒಂದು ಬೋಲ್ಟು ಹೋದ ತಿಂಗಳು ಕೂರಿಸಿ ಬಂದೆ. ಎರಡೂ ಬಂಡೆ ಗಣಗಣ ಅಂದವು. ಎರಡಕ್ಕೂ ಆಂಟೆನಾ ಕೊಂಡಾಗಿದೆ, ನಂಬರ್ 15 ಮತ್ತು 16.