ಚಿಗರಿ ಹಿಕ್ಕೆ ನೋಡಿ ಕ್ಯಾಮೆರಾ ಇಟ್ಟೆ

"ಎಂ.ಎಸ್ಸಿ. ಓದಿದವ ಹೊಲದಾಗ ಹಿಕ್ಕಿ ಎಣಸ್ಲಿಕ್ಕತ್ತಾನ" ಅಂತ ನಮ್ಮ ಮಾವ ಬೀದರ್ ತುಂಬ ಹೇಳಿಕೊಂಡು ಓಡಾಡಿದರು. ಹೋದ ವರ್ಷ ಅದೇ ಹಿಕ್ಕೆ ಗುಡ್ಡೆಯ ಎದುರು ಎರಡು ಹೋರಿ ಚಿಗರಿ, ಅಂದರೆ ಗಂಡು ಕೃಷ್ಣಮೃಗ, ಕೊಂಬಿಗೆ ಕೊಂಬು ಹಾಕಿದವು. ನಾನು ತೆಗೆದ ಆ ನಾಲ್ಕು ನಿಮಿಷದ ವಿಡಿಯೋಕ್ಕೆ 65 ಸಾವಿರ ರೂಪಾಯಿ ಹತ್ತಿರ ಬಂತು. ಮಾವ ಈಗ ಆ ಮಾತೇ ಎತ್ತುವುದಿಲ್ಲ.

ಮೊದಲ ಎರಡು ವರ್ಷ ನಾನೂ ಬೈಕ್ ಮೇಲೆ ಚಿಗರಿ ಹಿಂದೆ ಓಡಿದವನೇ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ, ದೂರದ್ದನ್ನು ಹತ್ತಿರ ತೋರಿಸುವ 150-600 ಲೆನ್ಸು, ಟ್ರೈಪಾಡು ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಸಾಲ. ಸಿಕ್ಕಿದ್ದು ನೂರಾರು ಕ್ಲಿಪ್ಪು, ಎಲ್ಲದರಲ್ಲೂ ಚಿಗರಿಯ ಬೆನ್ನು! ಕಂತು ಕಟ್ಟಲು ಭಾಲ್ಕಿ, ಹುಮನಾಬಾದ್ ಕಡೆ ಮದುವೆ ವಿಡಿಯೋ ಮಾಡಿದೆ. ಒಬ್ಬರು ಎಂಟು ದಿನ ಶೂಟ್ ಮಾಡಿಸಿಕೊಂಡು ಪೆಟ್ರೋಲ್ ದುಡ್ಡೂ ಕೊಡಲಿಲ್ಲ. ಬಾಯಿಮಾತು ನಂಬಿದ್ದು ನನ್ನ ತಪ್ಪು.

ಆಮೇಲೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ನೋಟ್‌ಬುಕ್ ಹಿಡಿದೆ. ಜಾಗ ಹಿಡಿದ ಹೋರಿ ಒಂದೇ ಕಡೆ ಹಿಕ್ಕೆ ಹಾಕುತ್ತದೆ, ಓದಿದವರಿಗೆ ಗೊತ್ತಿರುವುದೇ. ಅಲ್ಲಿಗೆ ಮತ್ತೆ ಬರುತ್ತದೆ ಅಂದಮೇಲೆ ನಾನ್ಯಾಕೆ ಓಡಬೇಕು? ಎರಡು ತಿಂಗಳು ಹನ್ನೊಂದು ಗುಡ್ಡೆ ನೋಡಿದೆ. ಮೇಲಿನ ಹಿಕ್ಕೆ ಹಸಿಯಾಗಿ ಮಿಂಚುತ್ತಿದ್ದದ್ದು ಮೂರರಲ್ಲಿ ಮಾತ್ರ. ಉಳಿದವು ಒಣಗಿ ಬೂದಿ ಬಣ್ಣ.

ಜೋಳ ಕೊಯ್ದ ಹೊಲದಲ್ಲಿ ಗೂಡಾರ ಹಾಕಿದರೆ ಚಿಗರಿ ದೂರ ಹೋಗುತ್ತದೆ. ಕಣಿಕೆ (ಒಣಗಿದ ಜೋಳದ ದಂಟು) ಬಣವಿ ಇದ್ದರೆ ಹೋಗಲ್ಲ. ಹೊಲದ ಕಾಕಾನ ಒಪ್ಪಿಗೆ ತಗೊಂಡು, ಗುಡ್ಡೆಯಿಂದ ಸುಮಾರು ನಲವತ್ತು ಮೀಟರ್ ದೂರ, ಗಾಳಿ ನನ್ನ ಮುಖಕ್ಕೆ ಹೊಡೆಯುವ ಕಡೆ ಸಣ್ಣ ಬಣವಿ ಒಟ್ಟಿದೆ. ಒಂದು ವಾರ ಖಾಲಿ ಬಿಟ್ಟೆ. ಆಮೇಲೆ ಬೆಳಿಗ್ಗೆ ನಾಲ್ಕೂವರೆಗೆ ಒಳಗೆ. ಮೈ ವಾಸನೆಗೆ ಏನು ಮಾಡಿದೆ ಅನ್ನೋದು ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಹೊಲ ಖಾಸಗಿಯದೇ, ಆದರೂ ಅರಣ್ಯ ಇಲಾಖೆಗೆ ಪತ್ರ ಕೊಟ್ಟೇ ಕೂತೆ. ಮೀಸಲು ಕಾಡಿನೊಳಗಾದರೆ ಅನುಮತಿ ಇಲ್ಲದೆ ಕಾಲಿಡಲೇಬೇಡಿ.

ಒಂಬತ್ತು ದಿನ ಏನೂ ಇಲ್ಲ. ಹತ್ತನೇ ದಿನ ಒಂದು ಹೋರಿ ಬಂತು, ಗುಡ್ಡೆ ಮೂಸಿತು, ಕಣ್ಣಿನ ಕೆಳಗಿನ ಗ್ರಂಥಿಯನ್ನು ಒಣ ಕಡ್ಡಿಗೆ ಒರೆಸಿತು. ಫ್ರೇಮಿನ ತುಂಬ ಮುಖ. ನನ್ನ ಕೈ ನಡುಗಿ ಫೋಕಸ್ ಹೋಯಿತು! ಕಾಳಗ ಸಿಕ್ಕಿದ್ದು ಇಪ್ಪತ್ತಮೂರನೇ ದಿನವೋ ಇಪ್ಪತ್ತನಾಲ್ಕನೇ ದಿನವೋ. ಬೆಳಿಗ್ಗೆ ಎಂಟರೊಳಗೆ ಶೂಟ್ ಮುಗಿಸಬೇಕು. ಆಮೇಲೆ ಝಳಕ್ಕೆ ಚಿತ್ರವೆಲ್ಲ ನೀರೊಳಗಿನ ಹಾಗೆ ಅಲುಗುತ್ತದೆ.

ನಡುವೆ ಒಂದು ಹುಚ್ಚು: ಗೊರಸಿನ ಸದ್ದು ಬೇಕು ಅಂತ ಗುಡ್ಡೆ ಪಕ್ಕ ರೆಕಾರ್ಡರ್ ಹೂತೆ. ಎರಡು ರಾತ್ರಿ ಗೆದ್ದಲಿನದ್ದೋ ಏನೋ ಕರಕರ ಅಷ್ಟೇ. ಮೂರನೇ ದಿನ ಕುರಿಗಾರರ ನಾಯಿ ಅದನ್ನು ಅಗೆದು ಕಚ್ಚಿತು. ಆರು ಸಾವಿರ ಹೋಯಿತು.

ಈಗ ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ನೋಟ್‌ಬುಕ್ ಶುರು ಮಾಡಿದ್ದೇನೆ. ಹಿಮಾಲಯ ದಾಟಿ ಬರುವ ಹಕ್ಕಿಗಳು. ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ ಇದೆ. ಇತ್ತ ಕಾಕಾ ಈ ಸಲ ಬಣವಿಗೆ ಐನೂರು ಬಾಡಿಗೆ ಕೇಳಿದ್ದಾರೆ. ಮಾವನೇ ಹೇಳಿಕೊಟ್ಟಿರಬೇಕು ಅಂತ ನನ್ನ ಅನುಮಾನ.